ಅವರು ಕೂರುವ ಕುರ್ಚಿ

"ದಯವಿಟ್ಟು ಏಳಿ. ಅದು ನಮ್ಮ ಯಜಮಾನರು ಕೂರೋ ಕುರ್ಚಿ."

ಸಮಾಲೋಚಕಿಯ ಕೋಣೆಯ ಬಾಗಿಲಲ್ಲಿ ನಿಂತು ಅವಳು ಹೀಗೆಂದಾಗ, ಬೆತ್ತದ ಕುರ್ಚಿಯಲ್ಲಿ ಕೂತು ಮೈಯನ್ನು ಅತ್ತಿತ್ತ ವಾಲಿಸಿ ನೋಡುತ್ತಿದ್ದ ಮನುಷ್ಯ ಕಾದ ಹೆಂಚು ಮುಟ್ಟಿದವನಂತೆ ಎದ್ದು ನಿಂತ. ಹಲ್ಲಿನ ನಡುವೆ ಕಚ್ಚಿಕೊಂಡಿದ್ದ ಬೆತ್ತದ ಎಳೆ ನೆಲಕ್ಕೆ ಬಿತ್ತು.

"ತಪ್ಪಾಯ್ತು ಮೇಡಂ. ಈಗ ತಾನೆ ಹೆಣೆದು ಮುಗಿಸಿದೆ. ತಡೆಯುತ್ತೋ ಇಲ್ವೋ ಅಂತ ಕೂತು ನೋಡ್ದೆ, ಅಷ್ಟೆ. ಅವರು... ಹೊರಗೆ ಹೋಗಿದಾರಾ?"

"ಹೌದು. ಹೋಗಿದಾರೆ."

"ಈಗ ಬಂದ್ಬಿಡ್ತಾರಾ?"

"ನಾನು ಕೂತ್ಮೇಲೆ ಬರ್ತಾರೆ."

ಆತ ಗಡಿಬಿಡಿಯಲ್ಲಿ ತನ್ನ ಸಾಮಾನುಗಳನ್ನೆಲ್ಲ ಬಾಚಿಕೊಂಡು ಹೊರಟ. ಹೋಗುವಾಗ, ಕಾಣದ ಗಂಡನಿಗೂ ಸೇರಿಸಿ ಎಂಬಂತೆ, ಎರಡು ಸಲ ತಲೆಬಾಗಿದ. ಅವಳು ಆಡಿದ ಒಂದೊಂದು ಮಾತೂ ನಿಜವೇ ಆಗಿತ್ತು. ನಿಜವಾದ ಮಾತುಗಳು ಸಾಲಾಗಿ ನಿಂತು ಒಂದು ಸುಳ್ಳಿನ ಆಕಾರ ತಾಳುವುದನ್ನು ಅವಳು ವೃತ್ತಿಯಲ್ಲಿ ದಿನವೂ ಕಂಡವಳು, ಆದರೂ ತಿದ್ದಲಿಲ್ಲ.

ಅವಳು ನ್ಯಾಯಾಲಯದಲ್ಲಿ ಸ್ಟೆನೋ. ಸಾಕ್ಷಿ ತಡವರಿಸಿದ್ದು, ವಕೀಲ ಕೆಣಕಿದ್ದು, ನ್ಯಾಯಾಧೀಶರು ಗದರಿದ್ದು ಎಲ್ಲವೂ ಅವಳ ಬೆರಳುಗಳ ಸಂದಿಯಿಂದ ಹರಿದು ಕಾಗದಕ್ಕಿಳಿಯುತ್ತಿತ್ತು. ಮಾತೇ ಉಸಿರಾದ ಆ ದೊಡ್ಡ ಕೋಣೆಯಲ್ಲಿ ಮಾತಾಡದವಳು ಅವಳೊಬ್ಬಳೇ. ಕಿಟಕಿಯ ಗಾಜಿನಂತೆ, ಎಲ್ಲರೂ ಅವಳ ಮೂಲಕ ನೋಡುತ್ತಿದ್ದರು, ಅವಳನ್ನು ನೋಡುತ್ತಿರಲಿಲ್ಲ.

ಗಂಡ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಒಂದು ಬೆಳಿಗ್ಗೆ, ಕಿಟಕಿ ತೆರೆದಿಡುವುದೋ ಮುಚ್ಚುವುದೋ ಎಂಬ ಕೆಲಸಕ್ಕೆ ಬಾರದ ಜಗಳ. ಆತ ಚೀಲ ಹೆಗಲಿಗೇರಿಸಿ "ಬರ್ತೀನಿ" ಎಂದ. ಅವಳು ಅಡುಗೆಮನೆಯಿಂದ ಕದಲಲಿಲ್ಲ. ಬಸ್ಸಿಗೆ ಕಾಯುತ್ತ ನಿಂತಲ್ಲೇ ಆತನ ಎದೆಬಡಿತ ನಿಂತುಹೋಯಿತು. ಎಲ್ಲ ಮುಗಿದು ಬಂಧುಗಳು ಚದುರಿದ ಮೇಲೆ, ಒಲೆಯ ಮುಂದೆ ಅವಳು ಕಲ್ಲಿನಂತೆ ನಿಂತಿದ್ದಾಗ ಬೆನ್ನ ಹಿಂದಿನಿಂದ ಆತನ ದನಿ ಬಂತು: "ಹಾಲು ಉಕ್ಕುತ್ತೆ ನೋಡು, ಹುಡುಗಿ."

ಹಾಲು ಉಕ್ಕುತ್ತಿತ್ತು. ಅವಳು ಒಲೆ ಆರಿಸಿದಳು. ಆ ದಿನದಿಂದ ಅವರು ಮನೆ ಬಿಟ್ಟು ಹೋಗಲಿಲ್ಲ.

ಅದು ಭಯಪಡಿಸುವ ದನಿಯಲ್ಲ. ಕೊಡೆ ಮರೆತರೆ ನೆನಪಿಸುವ ದನಿ. ಆದರೆ ನಿದ್ದೆಯ ಅಂಚಿನಲ್ಲೂ ಅದು ಮಾತಾಡುತ್ತಿತ್ತು. ನಿದ್ದೆ ತೆಳುವಾಗುತ್ತ ಆಗುತ್ತ ಹರಿದೇ ಹೋಗಿತ್ತು. ನಿದ್ದೆಯ ಮಾತ್ರೆ ಬರೆಯುತ್ತ ಬೇಸತ್ತ ವೈದ್ಯರು ಅವಳನ್ನು ಈ ಸಮಾಲೋಚಕಿಯ ಬಳಿ ಕಳಿಸಿದ್ದರು. ಹೊಲಿಗೆಯಂತ್ರ ರಿಪೇರಿ ಅಂಗಡಿಯ ಮೇಲಿನ ಮಹಡಿ. ನೆಲದಡಿಯಿಂದ ಸೂಜಿಯ ಟಕಟಕ ಸದಾ ಕೇಳುತ್ತಿದ್ದ ಕೋಣೆ.

"ಮನಸ್ಸು ಅನ್ನೋದು ಒಂಟಿ ಮನೆ ಅಲ್ಲಮ್ಮ, ಒಟ್ಟು ಕುಟುಂಬ," ಎಂದಿದ್ದರು ಆ ವಯಸ್ಸಾದ ಹೆಂಗಸು ಮೊದಲ ದಿನ. "ಒಬ್ಬಳು ಬಾಗಿಲು ಕಾಯ್ತಾಳೆ, ಒಬ್ಬಳು ಪಾತ್ರೆ ಎತ್ತಿ ಹಾಕ್ತಾಳೆ, ಒಬ್ಬಳು ಅಟ್ಟದಲ್ಲಿ ಅವಿತು ಕೂತಿರ್ತಾಳೆ. ಯಾರನ್ನೂ ಹೊರಗೆ ದಬ್ಬೋದು ನನ್ನ ಕೆಲಸ ಅಲ್ಲ. ಯಾರು ಯಾಕೆ ಹಾಗಾಡ್ತಾರೆ ಅಂತ ಕೂತು ಕೇಳೋಣ. ಒಬ್ಬೊಬ್ಬರಿಗೂ ಒಂದೊಂದು ಕುರ್ಚಿ ಹಾಕೋಣ. ಬಾಯಿ ತೆರೆದರೆ, ಈ ಮಾತು ಯಾರದು ಅಂತ ಮೊದಲು ಹೇಳ್ಬೇಕು ನೀವು."

ಇದು ಅವಳಿಗೆ ಹಿಡಿಸಿತು. ಪ್ರತಿ ಮಾತಿನ ಮುಂದೆ ಆಡಿದವರು ಯಾರೆಂದು ನಮೂದಿಸುವುದೇ ಅವಳ ಬದುಕಾಗಿತ್ತಲ್ಲ. ಅವಳೊಳಗೆ, ಬೀಗ ಹಾಕಿ ಬಂದಮೇಲೂ ಹಿಂದಿರುಗಿ ಎಳೆದು ನೋಡುವವಳಿಗೆ 'ಬೀಗದಮ್ಮ' ಎಂದು ಹೆಸರಾಗಿ, ನೆಟ್ಟಗಿನ ಮರದ ಕುರ್ಚಿ ಸಿಕ್ಕಿತು. ಯಾರ ಮೇಲೋ ಸದಾ ಮುಖ ಊದಿಸಿಕೊಂಡವಳಿಗೆ ಮೂಲೆಯ ಸ್ಟೂಲು. ಕಿಟಕಿ ಪಕ್ಕದ ಬೆತ್ತದ ಕುರ್ಚಿಯನ್ನು ತೋರಿಸಿ ಅವಳು, "ಅಲ್ಲಿ ಅವರು ಕೂರ್ತಾರೆ," ಎಂದಳು. ಸಮಾಲೋಚಕಿ ಕಣ್ಣಿನ ರೆಪ್ಪೆಯನ್ನೂ ಅಲುಗಿಸದೆ, "ಸರಿ, ಕೂರಲಿ," ಎಂದರು.

ಆದರೆ ಆ ಕೋಣೆಯ ಹಳೆಯ ಕುರ್ಚಿಗಳ ಬೆತ್ತವೆಲ್ಲ ಲಡ್ಡಾಗಿತ್ತು. ಅದಕ್ಕೇ ಈ ಮನುಷ್ಯ ಬಂದದ್ದು. ಮುಂದಿನ ಶನಿವಾರಗಳಲ್ಲೆಲ್ಲ ಆತ ಹೊರಗಿನ ಪಡಸಾಲೆಯಲ್ಲಿ ನೆಲಕ್ಕೆ ಕೂತು, ಕಾಲುಗಳ ನಡುವೆ ಕುರ್ಚಿಯೊಂದನ್ನು ಮಲಗಿಸಿಕೊಂಡು ಹೆಣೆಯುತ್ತಿದ್ದ. ಐವತ್ತಕ್ಕೆ ಹತ್ತಿರದ ವಯಸ್ಸು. ತಲೆಯ ಒಂದು ಬದಿ ಮಾತ್ರ ನರೆತಿತ್ತು, ಮುಪ್ಪು ಕೆಲಸ ಶುರುಮಾಡಿ ನಡುವೆ ಬೇರೇನನ್ನೋ ನೆನೆದು ಎದ್ದುಹೋದಂತೆ. ಅವಳು ತನ್ನ ಸರದಿಗಾಗಿ ಬೆಂಚಿನ ಮೇಲೆ ಕಾಯುತ್ತಿದ್ದಳು. ಮಾತು ಆತನಿಗೆ ನೀರು ಕುಡಿದಷ್ಟು ಸುಲಭ.

"ಮೇಡಂ, ಕೇಳಬಾರದು, ಆದರೂ ಕೇಳ್ತೀನಿ. ನೀವು ತೊಡೆ ಮೇಲೆ ಏನು ಬಾರಿಸ್ತಾ ಇರ್ತೀರಿ?"

ಅವಳು ನಾಚಿ ಕೈ ಮಡಚಿಕೊಂಡಳು. "ಕೆಲಸದ ಚಾಳಿ. ಯಾರಾದ್ರೂ ಮಾತಾಡಿದ್ರೆ ಬೆರಳು ತಾನಾಗೇ ಟೈಪ್ ಮಾಡುತ್ತೆ. ಮನೆಯಲ್ಲೂ ಹೀಗೇ. ನಮ್ಮತ್ತೆ ಬೈದು, 'ಬರ್ಕೊಂಡ್ಯಾ, ಒಂದ್ಸಲ ಓದಿ ಹೇಳು' ಅಂತಾರೆ."

"ಅಂದ್ರೆ ಇಷ್ಟು ವಾರದಿಂದ ನಾನು ಬಡಬಡಿಸಿದ್ದೆಲ್ಲ ದಾಖಲಾಗಿದೆಯಾ?"

"ಪೂರ್ತಿ."

"ಅಯ್ಯೋ. ಹೋದ ವಾರ ಮಳೆ ಬರಲ್ಲ ಅಂದಿದ್ದು ತೆಗೆದುಹಾಕಿ. ನೆಂದು ತೊಪ್ಪೆಯಾಗಿ ಮನೆಗೆ ಹೋದೆ." ಆತ ಕತ್ತು ಓರೆ ಮಾಡಿ ಅವಳ ಕೈಗಳನ್ನೇ ನೋಡಿದ. ಆ ನೋಟದಲ್ಲಿ ತುಂಟತನವಿತ್ತು. ಅದರ ಹಿಂದೆ, ಕದವೊಂದು ಅರ್ಧ ತೆರೆದು ನಿಂತಂತೆ, ಬೇರೇನೋ ಇತ್ತು. "ಆದ್ರೆ ನೀವು ಮಾತಾಡೋವಾಗ ಕೈ ಸುಮ್ಮನಿರುತ್ತಲ್ಲ?"

"ನನ್ನ ಮಾತು ನಾನೇ ಯಾಕೆ ಬರ್ಕೊಳ್ಳಲಿ?"

"ಅದೂ ಸರಿ," ಎಂದು ಆತ ನಕ್ಕ. ಆಮೇಲೆ, ನಗು ಮೀರಿ ಹೋಯಿತೇನೋ ಎಂಬ ಅನುಮಾನದಿಂದ, ತಲೆ ತಗ್ಗಿಸಿ ಎಳೆ ಬಿಗಿದ. ಮದುವೆಯಾದ ಹೆಣ್ಣಿನ ಜೊತೆ ಎಷ್ಟು ನಗಬಹುದೆಂಬ ಒಂದು ಅಳತೆ ಆತನಲ್ಲಿತ್ತು. ಅದನ್ನು ದಾಟಿದಾಗಲೆಲ್ಲ ಹೀಗೆ ತಲೆ ತಗ್ಗಿಸುತ್ತಿದ್ದ. ಅವಳಿಗದು ಗೊತ್ತಾಗುತ್ತಿತ್ತು. ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದಳು. ಆದರೆ 'ಅವರಿಲ್ಲ' ಎಂಬ ಮಾತನ್ನು, ಅವರು ಕೇಳಿಸಿಕೊಳ್ಳುತ್ತಿರುವಾಗ ಹೇಗೆ ಆಡುವುದು?

ಕೊನೆಗೆ ಆ ಮಾತನ್ನು ಹೊರಗೆಳೆದದ್ದು ಆತನ ವೃತ್ತಿಯ ಕುತೂಹಲ. ಒಂದು ಶನಿವಾರ ಆತ ಕೋಣೆಯೊಳಗಿನ ಬೆತ್ತದ ಕುರ್ಚಿಯನ್ನು ಇನ್ನೊಮ್ಮೆ ನೋಡಿ ಬಂದಿದ್ದ.

"ನಿಮ್ಮ ಯಜಮಾನರು ಬಲು ಹಗುರದ ಮನುಷ್ಯ," ಎಂದ. "ಹೊಸ ಬೆತ್ತದ ಮೇಲೆ ಯಾರಾದ್ರೂ ಕೂತರೆ ಒಂದಿಷ್ಟು ತಗ್ಗು ಬಿದ್ದೇ ಬೀಳುತ್ತೆ. ಕೂತವರ ಗುರುತು ಅದು. ಈ ಕುರ್ಚಿ ನೋಡಿದ್ರೆ ನಾನು ಎದ್ದ ಮೇಲೆ ಒಂದು ಗುಬ್ಬಚ್ಚಿನೂ ಕೂತ ಹಾಗಿಲ್ಲ. ಊಟ ಗೀಟ ಮಾಡ್ತಾರೋ ಇಲ್ವೋ?"

ಅವಳು ನಕ್ಕಳು. ನಗು ನಿಲ್ಲಲಿಲ್ಲ. ನಗುತ್ತ ನಗುತ್ತ ಅದು ದಾರಿ ತಪ್ಪಿ ಬೇರೆ ಯಾವುದೋ ಊರಿಗೆ ಹೋಗಿ ನಿಂತಿತು.

"ಅವರು ಊಟ ಮಾಡಿ ಹದಿನೈದು ವರ್ಷ ಆಯ್ತು," ಎಂದಳು.

ಕೆಳಗಿನ ಅಂಗಡಿಯಲ್ಲಿ ಯಾರೋ ಯಂತ್ರವೊಂದನ್ನು ಓಡಿಸಿ ಪರೀಕ್ಷಿಸುತ್ತಿದ್ದರು. ಬಟ್ಟೆಯಿಲ್ಲದ ಹೊಲಿಗೆಯ ಆ ಸದ್ದು ಬಹಳ ಹೊತ್ತು ಕೇಳಿತು.

"ಹಾಗಾದ್ರೆ ಅವತ್ತು ನಾನು ಕೂತಿದ್ದು..."

"ಹೌದು."

ಆತ ನಗಲಿಲ್ಲ. ಅಯ್ಯೋ ಪಾಪ ಎನ್ನಲಿಲ್ಲ. ನೆರೆಮನೆಯವರ ಬಗ್ಗೆ ವಿಚಾರಿಸುವಷ್ಟೇ ಕಾಳಜಿಯಿಂದ ಕೇಳಿದ: "ಅವರೇನಾದ್ರೂ ಅಂದ್ರಾ?"

ಹದಿನೈದು ವರ್ಷದಲ್ಲಿ ಅವಳನ್ನು ಯಾರೂ ಕೇಳದಿದ್ದ ಪ್ರಶ್ನೆ ಅದು. ಅವಳು ನೆನಪು ಮಾಡಿಕೊಂಡಳು. ಆತನನ್ನು ಮೊದಲು ಕಂಡ ದಿನ, ಆತ ಆ ಕುರ್ಚಿಯಲ್ಲಿ ಕೂತಿದ್ದ ಅಷ್ಟು ಹೊತ್ತು, ಅವಳೊಳಗೆ ಯಾವ ದನಿಯೂ ಇರಲಿಲ್ಲ.

"ಇಲ್ಲ," ಎಂದಳು. "ಏನೂ ಅನ್ನಲಿಲ್ಲ."

ಮುಂದಿನ ವಾರ ಆತ ಕೆಲಸಕ್ಕೆ ಕೂರದೆ ನಿಂತೇ ಇದ್ದ. ಇಸ್ತ್ರಿ ಮಾಡಿದ ಅಂಗಿ. ಕುತ್ತಿಗೆಯ ಗುಂಡಿ ಉಸಿರು ಕಟ್ಟುವಂತೆ ಬಿಗಿದಿತ್ತು.

"ಒಂದು ತಪ್ಪು ಒಪ್ಪಿಸ್ಬೇಕು. ಹೋದ ವಾರ ನೀವು ಅವರು ತೀರಿಕೊಂಡ ವಿಷಯ ಹೇಳಿದ್ರಲ್ಲ, ಆಗ ನನ್ನೊಳಗೆ ಒಬ್ಬ ಎದ್ದು ಕುಣಿದ. ನಿಜವಾಗ್ಲೂ ಕುಣಿದ. ಸಾವಿನ ಸುದ್ದಿ ಕೇಳಿ ಕುಣಿಯೋನು ಎಂಥ ಪ್ರಾಣಿ ಅಂತ ವಾರವೆಲ್ಲ ಅವನನ್ನ ಬೈದೆ."

"ಅವನಿಗೂ ಒಂದು ಕುರ್ಚಿ ಹಾಕ್ಬೇಕಿತ್ತು."

"ಯಾವುದು ಹಾಕ್ತೀರಿ?"

"ಬೆತ್ತ ಹರಿದಿರೋದು."

"ಕೂತ್ಕೋತಾನೆ. ಸ್ವಲ್ಪ ಒಳಗೆ ಬಿದ್ದುಹೋಗ್ತಾನೆ, ಅಷ್ಟೆ." ಆತ ಗುಂಡಿ ಸಡಿಲಿಸಿದ. "ಮದುವೆ ಆಗ್ತೀರಾ ಅಂತ ಕೇಳೋಕೆ ಬಂದೆ. ನಮ್ಮಕ್ಕ ಬಾಗಿಲಲ್ಲೇ ತಡೆದು, 'ದಡ್ಡ, ಮೊದಲು ಟೀಗೆ ಕರಿಯೋ' ಅಂದ್ಲು. ಹಾಗಾಗಿ... ಟೀ?"

ಅವಳ ಎದೆಯಲ್ಲಿ ಹೌದು ಎಂಬ ಮಾತು ಎದ್ದು ಗಂಟಲಿನವರೆಗೆ ಬಂದಿತ್ತು. ಆಗ ಕಿವಿಯ ಹಿಂದೆ, ಹದಿನೈದು ವರ್ಷ ಹಳೆಯ ಆ ದನಿ: "ಬೇಡ, ಹುಡುಗಿ. ಇವನೂ ಒಂದು ಬೆಳಿಗ್ಗೆ ಹೋಗ್ತಾನೆ. ಅವತ್ತೂ ನೀನು ಬಾಗಿಲಿಗೆ ಬಂದಿರಲ್ಲ."

"ಆಗಲ್ಲ," ಎಂದಳು.

"ಟೀ ಆಗಲ್ವಾ, ನಾನು ಆಗಲ್ವಾ?"

"ಅವರು ಬೇಡ ಅಂತಿದಾರೆ."

ಆತ ತಲೆಯಾಡಿಸಿದ. "ಬದುಕಿರೋ ಗಂಡನಾದ್ರೆ ದೂರ ನಿಲ್ತಿದ್ದೆ. ಗಂಡನೇ ಇಲ್ಲ ಅಂದಿದ್ರೆ ಹಟ ಹಿಡಿದು ಕಾಯ್ತಿದ್ದೆ. ಇವರ ಹತ್ತಿರ ನಾನು ಏನು ಮಾಡ್ಲಿ, ಹೇಳಿ?" ಎಂದವನು ಉತ್ತರಕ್ಕೆ ಕಾಯದೆ ಕೂತು, ಕೊನೆಯ ಕುರ್ಚಿಯನ್ನು ಕಾಲುಗಳ ನಡುವೆ ಎಳೆದುಕೊಂಡ. "ಇವತ್ತಿಗೆ ಕೆಲಸ ಮುಗಿಯುತ್ತೆ. ಇನ್ನು ಬರೋದಿಲ್ಲ. ನೆಮ್ಮದಿಯಾಗಿರಿ."

ಒಳಗೆ ಹೋಗಿ ಅವಳು ನಡೆದದ್ದನ್ನು ಹೇಳಿದಳು. ಸಮಾಲೋಚಕಿ ಬೆತ್ತದ ಕುರ್ಚಿಯನ್ನು ಅವಳಿಗೆ ಎದುರಾಗಿ ತಿರುಗಿಸಿದರು.

"ಅವರು ಯಾಕೆ ಬೇಡ ಅಂದ್ರು, ಕೇಳೋಣ್ವಾ?"

ಅವಳು ಕಣ್ಣು ಮುಚ್ಚಿದಳು.

"ಅವರನ್ನ ಒಂದು ಮಾತು ಕೇಳಿ. ಎದುರಿಗೆ ಕೂತಿರೋ ಹೆಂಗಸಿಗೆ ಈಗ ಎಷ್ಟು ವಯಸ್ಸು ಅಂತ ಅಂದ್ಕೊಂಡಿದಾರೆ?"

ಉತ್ತರ ತಟ್ಟನೆ ಬಂತು. "ಇಪ್ಪತ್ತೆಂಟು ಅಂತಿದಾರೆ," ಎಂದು ಅವಳು ಕಣ್ತೆರೆದಳು. ಅವಳಿಗೆ ನಲವತ್ತಮೂರು. ತೆರೆದ ಕಣ್ಣು ಮೊದಲು ಬಿದ್ದದ್ದು ತನ್ನದೇ ಕೈಗಳ ಮೇಲೆ.

ಮನುಷ್ಯ ತನ್ನ ಕೈಯನ್ನು ತಾನು ನೋಡುವುದು ಅಪರೂಪ. ಅವಳು ನೋಡಿದಳು. ಮಡಿಲಲ್ಲಿ ಅವು, ಸಂತೆ ಮುಗಿದ ಮೇಲಿನ ಬಯಲಿನಂತೆ, ನಿಶ್ಚಲವಾಗಿದ್ದವು.

"ಮೇಡಂ, ಏನಾದ್ರೂ ಮಾತಾಡಿ," ಎಂದಳು ಸಮಾಲೋಚಕಿಗೆ.

"ಏನು ಮಾತಾಡ್ಲಿ?"

"ಏನಾದ್ರೂ."

"ಆ ಕಿಟಕಿ ಗಿಡಕ್ಕೆ ನೀರು ಹಾಕೋದು ಮರೆತೇ ಹೋಗುತ್ತೆ ನನಗೆ. ಅದಾದ್ರೂ ಪಾಪ, ಬೇಜಾರು ಮಾಡ್ಕೊಳ್ಳಲ್ಲ..."

ಬೆರಳುಗಳು ಎದ್ದವು. ಗಿಡ, ನೀರು, ಪಾಪ, ಎಲ್ಲವನ್ನೂ ಮಡಿಲಿನ ಮೇಲೆ ಬಡಿದು ಬರೆದುಕೊಂಡವು. ಅವಳು ಕಣ್ಣು ಮುಚ್ಚದೆ, ಕೈಗಳ ಮೇಲಿನ ನೋಟ ಕೀಳದೆ, ಒಳಗೇ ಕರೆದಳು: ನೀವು ಮಾತಾಡಿ. ಅವರು ಮಾತಾಡಿದರು. ಅದೇ ದನಿ, ಅದೇ ಏರಿಳಿತ, 'ಹುಡುಗಿ' ಎನ್ನುವಾಗಿನ ಅದೇ ಎಳೆತ. "ಯಾಕೆ ಹೀಗೆ ನೋಡ್ತೀಯ? ಮನೆಗೆ ಹೋಗೋಣ ನಡಿ."

ಒಂದು ಬೆರಳೂ ಅಲುಗಲಿಲ್ಲ.

ಜಗತ್ತಿನ ಯಾರ ಮಾತಿಗೂ ಮಿಡಿಯುವ ಕೈ. ಕಳ್ಳನ ಮಾತು, ಮಗುವಿನ ಮಾತು, ಅತ್ತೆಯ ಬೈಗುಳ. ತನ್ನ ಒಡತಿಯೊಬ್ಬಳ ಮಾತಿಗೆ ಮಾತ್ರ ಅದು ಎಂದೂ ಏಳದು.

"ಅವರಲ್ಲ," ಎಂದಳು. "ಮೇಡಂ, ಇದು ಅವರಲ್ಲ."

"ಯಾರು?"

ಅವಳು ನೋಡಿದಳು. ಅವಳೊಳಗೆ, ಗಂಡನ ದೊಗಳೆ ಅಂಗಿಯನ್ನು ಮೇಲಿಂದ ತೊಟ್ಟು, ತೋಳಿನ ತುದಿಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಒಲೆಯ ಬುಡದಲ್ಲಿ ಮುದುಡಿ ಕೂತ ಒಬ್ಬ ಇಪ್ಪತ್ತೆಂಟರ ಹುಡುಗಿ. ಅವಳಿಗೆ ಆತನ ದನಿ ಕಂಠಪಾಠವಾಗಿತ್ತು. ಅಂಗಿಯ ಜೊತೆಗೆ ಅದನ್ನೂ ತೊಟ್ಟುಕೊಂಡಿದ್ದಳು.

"ಅವಳನ್ನ ಬಯ್ಯಬೇಡಿ," ಎಂದರು ಸಮಾಲೋಚಕಿ ಮೆಲ್ಲಗೆ. "ಇಷ್ಟು ವರ್ಷ ಒಬ್ಬಳೇ ಕಾವಲು ಕೂತವಳು. ಕೇಳಿ, ಈ ಕೆಲಸ ಬಿಟ್ಟರೆ ಏನಾಗುತ್ತೆ ಅಂತ ಅವಳಿಗೆ ಭಯ?"

ಒಳಗಿನಿಂದ ಬಂದ ಉತ್ತರಕ್ಕೆ ಈ ಸಲ ಗಂಡಸಿನ ದನಿ ಇರಲಿಲ್ಲ. ಅವಳು ಅದನ್ನು ಹಾಗೆಯೇ ಒಪ್ಪಿಸಿದಳು: "ಮನೆ ನಿಶ್ಶಬ್ದ ಆಗ್ಬಿಡುತ್ತೆ ಅಂತ."

ಆಮೇಲೆ ಸಿಟ್ಟು ಬಂತು. ಎದ್ದು ನಿಂತಳು. "ನಿಮಗೆ ಮೊದಲೇ ಗೊತ್ತಿತ್ತು ಅಲ್ವಾ? ಯಾಕೆ ಕಿತ್ಕೊಂಡ್ರಿ? ಸುಳ್ಳಾದ್ರೂ ಒಂದು ದನಿ ಇತ್ತು ನನಗೆ."

"ನಾನು ಗಿಡದ ವಿಷಯ ಮಾತ್ರ ಹೇಳ್ದೆ, ತಾಯಿ," ಎಂದರು ಆಕೆ. ಕನ್ನಡಕ ತೆಗೆದು ಒರೆಸಿಕೊಂಡದ್ದನ್ನು ಅವಳು ನೋಡಲಿಲ್ಲ. ಆಗಲೇ ಬಾಗಿಲು ದಾಟಿದ್ದಳು. ಪಡಸಾಲೆಯಲ್ಲಿ ಆತ ಚೀಲಕ್ಕೆ ಗಂಟು ಹಾಕುತ್ತಿದ್ದ. ಅವಳು ಆತನ ಪಕ್ಕದಿಂದಲೇ, ಗಾಳಿಯೊಂದು ಹಾದಂತೆ, ಹಾದುಹೋದಳು.

ಮನೆ ನಿಶ್ಶಬ್ದವಾಯಿತು.

ಹುಡುಗಿ ಹೆದರಿದ್ದು ಸುಳ್ಳಲ್ಲ. ಕೊಡೆ ಮರೆತಳು, ಯಾರೂ ನೆನಪಿಸಲಿಲ್ಲ. ಹಾಲು ಉಕ್ಕಿ ಒಲೆಯ ಮೇಲೆ ಕಂದು ನಕಾಶೆ ಬರೆಯಿತು. ರಾತ್ರಿಗಳಲ್ಲಿ ನಿದ್ದೆ ಬಂತು, ಆದರೆ ಅದು ಯಾರೂ ಇಲ್ಲದ ನಿಲ್ದಾಣದಲ್ಲಿ ಬಂದು ನಿಂತು ಹೋಗುವ ಬಂಡಿಯಂತಿತ್ತು. ಸತ್ತವರು ಬಿಟ್ಟುಹೋದ ಜಾಗವನ್ನು ಮನಸ್ಸು ಹೇಗೋ ಸಹಿಸೀತು. ಸತ್ತವರ ನೆರಳೂ ಬಿಟ್ಟುಹೋದ ಜಾಗಕ್ಕೆ ಏನೆಂದು ಕರೆಯುವುದು?

ವಾರದ ಕೊನೆಗೆ, ಬಾಲ್ಕನಿಯ ಬಿಸಿಲಿನಲ್ಲಿ ಕಂಬಳಿ ಹರವುತ್ತಿದ್ದ ಅತ್ತೆ ಕೇಳಿದರು. ಗಂಡನ ತಾಯಿ; ಮಗ ಹೋದ ಮೇಲೂ ಸೊಸೆಯ ಜೊತೆಯಲ್ಲೇ, ಒಂದೇ ಗೋಡೆಯ ಎರಡು ಬದಿಗಳಂತೆ ಉಳಿದವರು.

"ಏನೇ, ಅಡುಗೆಮನೆಯಲ್ಲಿ ಮಾತೇ ಇಲ್ಲ ಈಚೆಗೆ. ಅವನ ಹತ್ತಿರ ಮುನಿಸಾ?"

ಅವಳ ಕೈಯಿಂದ ಕಂಬಳಿಯ ತುದಿ ಜಾರಿತು. "ನಿಮಗೆ ಗೊತ್ತಿತ್ತಾ, ಅತ್ತೆ?"

"ಕಿವುಡಿನಾ ನಾನು? ನೀನು ಒಲೆ ಮುಂದೆ 'ಆಯ್ತು', 'ತಗೊಂಡೆ', 'ಮರೀಲಿಲ್ಲ' ಅಂತ ಉತ್ತರ ಕೊಡ್ತಿದ್ದೆ. ನನ್ನ ಮಗ ಏನಂದ ಅಂತ ಗೋಡೆ ಈಚೆ ಕಿವಿಯಿಟ್ಟು ನಿಲ್ತಿದ್ದೆ."

"ಏನಾದ್ರೂ ಕೇಳಿಸ್ತಾ?"

"ಕೇಳಿಸ್ತು. ನಲ್ಲಿ ತೊಟ್ಟಿಕ್ಕೋದು." ಅತ್ತೆ ಕಂಬಳಿಯನ್ನು ಬೇಕಾದ್ದಕ್ಕಿಂತ ಜೋರಾಗಿ ಕೊಡವಿದರು. "ಹೆತ್ತವಳು ಕಣೇ ನಾನು. ಅವನ ದನಿ ಮರೆತುಹೋಗಿದೆ ನನಗೆ. ಕೆಮ್ಮೋದು ನೆನಪಿದೆ, ಮೆಟ್ಟಿಲು ಹತ್ತೋ ಸದ್ದು ನೆನಪಿದೆ. ದನಿ ಇಲ್ಲ. ಇದನ್ನ ಯಾರ ಹತ್ತಿರ ಹೇಳ್ಕೊಳ್ಳೋದು? ನಿನ್ನ ಕಿವೀಲಿ ಇನ್ನೂ ಇದೆಯಲ್ಲ ಅಂತ ಹೊಟ್ಟೆಕಿಚ್ಚಾಗ್ತಿತ್ತು."

"ನನ್ನ ಕಿವೀಲೂ ಇರ್ಲಿಲ್ಲ, ಅತ್ತೆ. ನಾನೇ ಆಡ್ತಿದ್ದೆ."

ಇಬ್ಬರೂ ಕಂಬಳಿಯ ಆಚೀಚೆ ನಿಂತರು. ಕೆಳಗೆ ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿ ಹೋಯಿತು. ಅತ್ತೆ, "ಹಾಗಾದ್ರೆ ಅವನು ಹೋಗಿದ್ದು ನಿಜ ಅನ್ನು," ಎಂದರು. ಅವಳು ತಲೆಯಾಡಿಸಿದಳು.

"ಅತ್ತೆ, ಒಬ್ಬರಿದಾರೆ."

"ಗೊತ್ತು. ಶನಿವಾರ ಬಂದ್ರೆ ಕನ್ನಡಿ ಮುಂದೆ ಎರಡೆರಡು ಸಲ ನಿಲ್ತೀಯ. ಮನಸ್ಸು ತೋರಿಸೋಕೆ ಹೋಗೋರು ಯಾರಾದ್ರೂ ಅಷ್ಟು ತಲೆ ಬಾಚ್ಕೋತಾರಾ?" ಸುಕ್ಕಿನ ಕೈ ಕಂಬಳಿಯ ಮೇಲಿಂದ ಬಂದು ಅವಳ ಕೆನ್ನೆ ತಟ್ಟಿತು. "ನನ್ನ ಬಿಟ್ಟು ಹೋಗ್ತೀಯಾ ಅಂತ ಕೇಳಲ್ಲ. ಕೇಳಿದ್ರೆ ನೀನು ಹೋಗಲ್ಲ. ಅದಕ್ಕೇ ಕೇಳಲ್ಲ."

ಆತನ ಅಂಗಡಿ ಹಿಂಬೀದಿಯಲ್ಲಿತ್ತು. ಕೆಳಗೆ ಕೆಲಸ, ಮೇಲೆ ವಾಸ. ಇಳಿಬಿಸಿಲಿನ ಹೊತ್ತು. ಮೆಟ್ಟಿಲ ಬಳಿ ಕೂತಿದ್ದ ದಪ್ಪನೆಯ ಹೆಂಗಸೊಬ್ಬಳು ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಟೀ ಬೇಡ ಅಂದೋರು ನೀವೇನಾ?"

"ಹೌದು."

"ಒಳಗಿದಾನೆ. ವಾರದಿಂದ ಮಾತಿಲ್ಲ, ಕತೆಯಿಲ್ಲ. ಇವನ ಬಾಯಿ ಮುಚ್ಚಿಸೋಕೆ ನಮ್ಮಪ್ಪನ ಕೈಲೇ ಆಗಿರ್ಲಿಲ್ಲ. ಏನು ಮಂತ್ರ ಹಾಕಿದ್ರೋ, ಬಂದು ಬಿಚ್ಚಿ." ಹೀಗೆಂದ ಅಕ್ಕ ಎದ್ದು, ತನಗೆ ಮೇಲೆ ಬಹಳ ಕೆಲಸವಿದೆಯೆಂದು ಗೋಡೆಗೆ ಹೇಳಿ, ಹತ್ತಿಹೋದಳು.

ಆತ ಸೋಫಾದಷ್ಟು ಅಗಲದ ಆಸನವೊಂದನ್ನು ಹೆಣೆಯುತ್ತಿದ್ದ. ಪಕ್ಕದ ಬೋಗುಣಿಯಲ್ಲಿ ಬೆತ್ತದ ಎಳೆಗಳು ನೀರು ಕುಡಿಯುತ್ತಿದ್ದವು. ಅವಳನ್ನು ಕಂಡು ಏಳಹೊರಟು, ಅರ್ಧಕ್ಕೇ ನಿಂತ.

"ಕೂತೇ ಇರಿ. ಕೆಲಸ ಮಾಡ್ತಿರಿ."

"ಮಾಡ್ಲೇಬೇಕು. ನೆನೆದ ಬೆತ್ತ ಒಣಗೋದ್ರೊಳಗೆ ಮುಗಿಸ್ಬೇಕು, ಇಲ್ಲಾಂದ್ರೆ ಬಿರುಸಾಗಿ ಸೀಳುತ್ತೆ. ಬೆಳಿಗ್ಗೆಯಿಂದ ಮಾಡಿದ್ದೆಲ್ಲ ದಂಡ." ಮಾತು ಮುಗಿಸಿ ಕೇಳಿದ, "ಅವರು ಒಪ್ಪಿದ್ರಾ, ನೀವು ಇಲ್ಲಿಗೆ ಬರೋಕೆ?"

"ಅವರು ಇರ್ಲೇ ಇಲ್ಲ. ಇದ್ದಿದ್ದು ನಾನೇ. ನಾನೇ ಅವರ ಹಾಗೆ ಮಾತಾಡಿ, ನನಗೇ ಬೇಡ ಅಂತಿದ್ದೆ." ಅವಳು ನೆಲದ ಮೇಲೆ, ಬೆತ್ತದ ಚೂರುಗಳ ನಡುವೆ ಕೂತಳು. "ನಿಮಗೆ ವಿಚಿತ್ರ ಅನ್ನಿಸ್ಬಹುದು. ಎಲ್ಲರಿಗೂ ಅವರು ಹದಿನೈದು ವರ್ಷದ ಹಿಂದೆ ಹೋದ್ರು. ನನಗೆ ಹೋದ ಶನಿವಾರ 'ಇಲ್ಲ' ಆದ್ರು. ನಾನಿನ್ನೂ ಅತ್ತಿಲ್ಲ. ಒಂದ್ಸಲಾನೂ ಅತ್ತಿಲ್ಲ. ಎಲ್ಲಿ ಅಳ್ಬೇಕು ಅಂತ ವಾರವೆಲ್ಲ ಯೋಚ್ನೆ ಮಾಡ್ದೆ. ಮನೇಲಿ ಅತ್ತೆ ಇದಾರೆ. ಅವರ ದುಃಖದ ಮೇಲೆ ನನ್ನದನ್ನ ಹೇರೋಕಾಗಲ್ಲ. ಇಲ್ಲಿಗೆ ಬಂದೆ. ಅವರಿಗೋಸ್ಕರ ಅಳ್ಬೇಕು. ನಿಮ್ಮೆದುರಿಗೆ."

ಆತ ಎಳೆ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಅವಳನ್ನು ನೋಡಿದ. ಆ ನೋಟದಲ್ಲಿ ತುಂಟತನದ ಲವಲೇಶವೂ ಇರಲಿಲ್ಲ.

"ಇದು... ಟೀಗೆ ಒಪ್ಪಿಗೆಯಾ?"

"ಇದಕ್ಕಿಂತ ದೊಡ್ಡ ಒಪ್ಪಿಗೆ ನನ್ನ ಹತ್ತಿರ ಇಲ್ಲ," ಎಂದಳು. "ಆದ್ರೆ ಮೊದಲೇ ಹೇಳ್ಬಿಡ್ತೀನಿ. ನನ್ನ ಜೊತೆ ಒಬ್ಬ ಹುಡುಗಿ ಬರ್ತಾಳೆ. ನೀವು ಸಂಜೆ ಒಂದು ಗಳಿಗೆ ತಡ ಮಾಡಿದ್ರೂ ಬಾಗಿಲಲ್ಲಿ ನಿಂತಿರ್ತಾಳೆ. ಅವಳನ್ನ ಬಯ್ಯಬಾರದು."

"ಬೇರೆ ಯಾರ್ಯಾರಿದೀರಿ ಒಳಗೆ?"

"ಬೀಗ ಎಳೆದು ನೋಡೋವಳು ಒಬ್ಬಳು. ಮುಖ ಊದಿಸ್ಕೊಳ್ಳೋವಳು ಒಬ್ಬಳು. ಹೊರಗೆ ನಮ್ಮತ್ತೆ."

"ಮೇಲೆ ಇರೋದು ಎರಡೇ ಕೋಣೆ," ಎಂದು ಆತ ಚಿಂತೆಯಿಂದ ಛಾವಣಿ ನೋಡಿದ. "ಅತ್ತೆ, ಅಕ್ಕ ಒಂದು ಕಡೆ ಅಂದ್ರೆ ಎರಡು ದಿನಕ್ಕೆ ಯಾರಾದ್ರೂ ಒಬ್ಬರು ನಿಮ್ಮ ಕೋರ್ಟಿಗೇ ಬರ್ತಾರೆ. ಹೇಗೋ ಮಾಡೋಣ."

ಅವಳು ನಗಲು ಹೋದಳು. ಆಗ ಒಳಗಿನವಳು, ಯಾವ ಅಂಗಿಯನ್ನೂ ತೊಡದೆ, ತನ್ನದೇ ಸಣ್ಣ ಸ್ವರದಲ್ಲಿ ಮಾತಾಡಿದಳು. ಅವಳು ಅದನ್ನು ಅಡಗಿಸಲಿಲ್ಲ.

"ಇವನೂ ಹೋದ್ರೆ ಅಂತ ಕೇಳ್ತಿದಾಳೆ. ಅವತ್ತು ಬೆಳಿಗ್ಗೆ ಜಗಳ ಆಡಿ ಬಸ್ ಸ್ಟಾಪಿಗೆ ಹೋದವರು ತಿರುಗಿ ಬರ್ಲಿಲ್ಲ, ನಾನು ಬಾಗಿಲಿಗೂ ಬಂದಿರ್ಲಿಲ್ಲ."

ಬಾಯಿಗೆ ಬಂದ ಮಾತನ್ನೆಲ್ಲ ಆಡುವ ಆ ಮನುಷ್ಯ ಈ ಒಂದು ಮಾತಿಗಾಗಿ ಒಳಗೆಲ್ಲೋ ದೂರ ನಡೆದುಹೋಗಿ ಬಂದ.

"ಹೋಗಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ," ಎಂದ. "ಎಲ್ಲರೂ ಹೋಗೋರೇ. ಆದ್ರೆ ಅವಳಿಗೆ ಒಂದು ವಿಷಯ ಹೇಳಿ. ಜಗಳ ಆಡಿ ಬೆಳಿಗ್ಗೆ ಮನೆ ಬಿಟ್ಟ ಗಂಡಸು, ಸಂಜೆ ಮನೆಗೆ ಬರ್ಬೇಕು ಅಂತಾನೇ ಬಿಟ್ಟಿರ್ತಾನೆ. ಬಾಗಿಲಿಗೆ ಯಾರು ಬಂದಿದ್ರು, ಯಾರು ಬರ್ಲಿಲ್ಲ ಅಂತ ಬಸ್ ಸ್ಟಾಪ್ ತನಕವೂ ಅವನಿಗೆ ನೆನಪಿರಲ್ಲ. ಸಂಜೆ ಏನು ತಗೊಂಡು ಹೋದ್ರೆ ಮುನಿಸು ಇಳಿದೀತು, ಅದೇ ಯೋಚ್ನೆ ಇರುತ್ತೆ."

ಹದಿನೈದು ವರ್ಷ ಅವಳು ಆ ಬೆಳಗನ್ನು ಅಡುಗೆಮನೆಯ ಒಳಗಿನಿಂದಲೇ ಕಂಡಿದ್ದಳು. ಈಗ ಮೊದಲ ಬಾರಿಗೆ ಬೀದಿಯಲ್ಲಿ ಕಂಡಳು: ಹೆಗಲಿಗೆ ಚೀಲ, ಬಸ್ಸು ಬರುವ ದಿಕ್ಕಿಗೆ ತಿರುಗಿದ ಮುಖ, ಸಂಜೆಯ ಬಗ್ಗೆ ಏನನ್ನೋ ಲೆಕ್ಕ ಹಾಕುತ್ತ ಹುಬ್ಬು ಗಂಟಿಕ್ಕಿದ ಒಬ್ಬ ಇನ್ನೂ ಎಳೆಯ ಮನುಷ್ಯ. ಆತ ಹೇಗೆ ಮಾತಾಡುತ್ತಿದ್ದನೆಂದು ನೆನೆಯಲು ಪ್ರಯತ್ನಿಸಿದಳು. ನೆನಪಾಗಲಿಲ್ಲ. ಅಲ್ಲಿಂದ ಅಳು ಬಂತು.

ಅದು ಚೆಂದದ ಅಳುವಾಗಿರಲಿಲ್ಲ. ಬಹುಕಾಲ ಮುಚ್ಚಿದ್ದ ನಲ್ಲಿ ಮೊದಲು ಕೆಮ್ಮಿ, ತುಕ್ಕು ಕಾರಿ, ಆಮೇಲೆ ನೀರು ಬಿಡುವಂತೆ ಬಂತು. ಆತ ಅರೆಹೆಣೆದ ಆಸನವನ್ನು ಒಮ್ಮೆ ನೋಡಿದ, ಅವಳನ್ನು ಒಮ್ಮೆ ನೋಡಿದ. ಕೈಯೊರೆಸಿಕೊಂಡು ಬಂದು ನೆಲದ ಮೇಲೆ ಅವಳ ಪಕ್ಕದಲ್ಲಿ, ತೋಳಿಗೆ ತೋಳು ತಾಗುವಷ್ಟು ಹತ್ತಿರ ಕೂತ. ಅವಳು ತಲೆ ಅವನ ಹೆಗಲಿಗಿಟ್ಟು, ಇನ್ನೊಬ್ಬನಿಗಾಗಿ, ಬಿಸಿಲು ಗೋಡೆಯಿಂದ ನೆಲಕ್ಕಿಳಿದು ಹೊಸ್ತಿಲು ದಾಟುವವರೆಗೂ ಅತ್ತಳು.

ಅರೆಹೆಣೆದ ಆಸನದಲ್ಲಿ ಬೆತ್ತ ಒಣಗಿ, ಎಳೆಯೊಂದು ಸಣ್ಣಗೆ ಸಿಡಿಯಿತು, ಆಮೇಲೆ ಇನ್ನೊಂದು. ಆತ ಅತ್ತ ತಿರುಗಿ ನೋಡಲಿಲ್ಲ.